ಇಂಡಿಯಾ ಪೇಲ್ ಏಲ್‌ನಲ್ಲಿ ಇಂಡಿಯಾ ಎಲ್ಲಿದೆ ಸ್ವಾಮಿ?

ಹೋದ ಸಲ ಬೆಂಗಳೂರಿಗೆ ಹೋಗಿದ್ದಾಗ ಅಕ್ಕನ ಮಗ ನನ್ನನ್ನು ಒಂದು ಪಬ್ಬಿಗೆ ಕರೆದುಕೊಂಡು ಹೋದ. ಅಲ್ಲೇ ಬಿಯರ್ ಮಾಡಿ ಅಲ್ಲೇ ಮಾರುವ ಜಾಗ. ನಾನು ಕುಡಿಯುವುದು ನಿಂಬೆ ಸೋಡಾ. ಹಾಗಾಗಿ ಮೆನು ಕಾರ್ಡನ್ನೇ ಲೆಡ್ಜರ್ ಓದಿದ ಹಾಗೆ ಓದುತ್ತಾ ಕೂತೆ. ‘ಇಂಡಿಯಾ ಪೇಲ್ ಏಲ್’ ಎಂಬ ಬಿಯರಿನ ಕೆಳಗೆ ಒಂದು ಕಥೆ ಇತ್ತು. ಇಂಗ್ಲೆಂಡಿನಿಂದ ಬರುವ ಬಿಯರ್ ಹಡಗಿನಲ್ಲೇ ಕೆಟ್ಟು ಹೋಗುತ್ತಿತ್ತಂತೆ. ಲಂಡನ್ನಿನ ಹಾಡ್ಜ್‌ಸನ್ ಎಂಬ ಮಹಾಶಯ ಹೆಚ್ಚು ಆಲ್ಕೋಹಾಲ್, ಹೆಚ್ಚು ಹಾಪ್ಸ್ ಹೂವು ಹಾಕಿ ಹೊಸ ಬಿಯರನ್ನೇ ಕಂಡುಹಿಡಿದನಂತೆ. ನಮ್ಮ ಬಿಸಿಲಿಗೆ ಬೆಂದ ಬ್ರಿಟಿಷ್ ಸೈನಿಕ ಅದನ್ನು ಕುಡಿದು ಬದುಕಿಕೊಂಡನಂತೆ. “ನೋಡ್ರಿ ಮಾಮಾ, ನಮ್ಮ ದೇಶದ ಹೆಸರಿನ ಬಿಯರು ಈಗ ಜಗತ್ತೆಲ್ಲಾ ಕುಡೀತದ” ಅಂತ ಅಳಿಯ ಎದೆ ಉಬ್ಬಿಸಿದ.

ಸರಿ, ಹುಡುಗ ಅಂತ ಸುಮ್ಮನಾದೆ. ನಾಗಪುರಕ್ಕೆ ವಾಪಸ್ ಬಂದರೆ ಇಲ್ಲಿನ ನಮ್ಮ ಕನ್ನಡದವರ ವಾಟ್ಸಾಪ್ ಗುಂಪಿನಲ್ಲೂ ಅದೇ ಕಥೆ, ಕೆಳಗೆ ತ್ರಿವರ್ಣ ಧ್ವಜ ಬೇರೆ! ಇನ್ನು ಸುಮ್ಮನಿರುವುದು ನನ್ನಿಂದಾಗಲಿಲ್ಲ. ಅದಕ್ಕೇ ಈ ಬರಹ.

ಮೊದಲು ಆಲ್ಕೋಹಾಲ್ ಮಾತು. ಆ ಕಾಲದ ಪೇಲ್ ಏಲ್‌ನಲ್ಲಿ ಇದ್ದದ್ದು ಶೇಕಡಾ 6ರಿಂದ 6.5ರಷ್ಟು. ಆಗಿನ ಇಂಗ್ಲೆಂಡಿನ ಲೆಕ್ಕದಲ್ಲಿ ಅದು ಸಾಧಾರಣ. ಅದಕ್ಕಿಂತ ಕಡಕ್ ಏಲ್‌ಗಳು ಬೇಕಾದಷ್ಟಿದ್ದವು. ಹಾಪ್ಸ್ ಹೆಚ್ಚು ಹಾಕುತ್ತಿದ್ದದ್ದು ನಿಜ. ಆದರೆ ಬಿಸಿಲ ದೇಶಕ್ಕೆ ಕಳಿಸುವ ಬಿಯರಿಗೆ ಹಾಪ್ಸ್ ಜಾಸ್ತಿ ಇರಲಿ ಎಂಬ ಸಲಹೆ 1760ರ ದಶಕದಲ್ಲೇ ಇತ್ತು. ಹಾಡ್ಜ್‌ಸನ್ ಏನನ್ನೋ ಕಂಡುಹಿಡಿದ ಎನ್ನುವುದಕ್ಕೆ ಪುರಾವೆಯೇ ಇಲ್ಲ. ಬೇರೆ ಬಿಯರ್ ಕೆಡುತ್ತಿತ್ತು ಎನ್ನುವುದೂ ಅಷ್ಟೆ. ಪೋರ್ಟರ್ ಎಂಬ ಕಪ್ಪು ಬಿಯರ್ ಅದೇ ಸಮುದ್ರ ದಾಟಿ ಇಲ್ಲಿಗೆ ಚೆನ್ನಾಗಿಯೇ ಬರುತ್ತಿತ್ತು. ಸಾಮಾನ್ಯ ಸೈನಿಕನಿಗೆ ಸಿಗುತ್ತಿದ್ದದ್ದು ಅದು. ಪೇಲ್ ಏಲ್ ಅಧಿಕಾರಿಗಳ, ವ್ಯಾಪಾರಸ್ಥರ ಮೇಜಿನ ಪಾನೀಯ. ಹಾಗಾದರೆ ಆ ಬಡ ಸೈನಿಕನ ಕಥೆ ಎಲ್ಲಿ ಹೋಯಿತು?

ಹಾಡ್ಜ್‌ಸನ್ ಗೆದ್ದದ್ದು ಉದ್ರಿಯಿಂದ ಸ್ವಾಮಿ, ಉದ್ರಿಯಿಂದ! ಮೂವತ್ತು ವರ್ಷ ಬ್ಯಾಂಕಿನಲ್ಲಿ ಸಾಲದ ಫೈಲು ನೋಡಿದವನಿಗೆ ಇದು ಮೊದಲ ಓದಿಗೇ ಕಾಣುತ್ತದೆ. ಜಾರ್ಜ್ ಹಾಡ್ಜ್‌ಸನ್ 1752ರಲ್ಲಿ ಲಂಡನ್ನಿನ ಪೂರ್ವಕ್ಕೆ ಬೋ ಎಂಬಲ್ಲಿ ಬ್ರೂವರಿ ಶುರು ಮಾಡಿದ. ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳು ನಿಲ್ಲುವ ಬ್ಲ್ಯಾಕ್‌ವಾಲ್ ಅಲ್ಲಿಂದ ಹತ್ತಿರ. ಹಡಗಿನ ಕ್ಯಾಪ್ಟನ್‌ಗಳಿಗೆ ಸ್ವಂತ ವ್ಯಾಪಾರಕ್ಕೆ ಒಂದಿಷ್ಟು ಜಾಗ ಸಿಗುತ್ತಿತ್ತು. ಅವರಿಗೆ ಹಾಡ್ಜ್‌ಸನ್ ಮನೆತನ 18 ತಿಂಗಳವರೆಗೂ ಉದ್ರಿ ಕೊಟ್ಟಿತು. ಒಯ್ಯಿರಿ, ಮಾರಿ, ಬಂದ ಮೇಲೆ ದುಡ್ಡು ಕೊಡಿ. ಹೋಗಿ ಬರಲು ವರ್ಷವೇ ಹಿಡಿಯುವ ಸಮುದ್ರಯಾನಕ್ಕೆ ಇದಕ್ಕಿಂತ ಒಳ್ಳೆಯ ಸ್ಕೀಮು ಯಾರು ಕೊಟ್ಟಾರು?

ಕೆಟ್ಟದ್ದೂ ಉದ್ರಿಯಿಂದಲೇ. 1821ರ ಸುಮಾರಿಗೆ ಫ್ರೆಡರಿಕ್ ಹಾಡ್ಜ್‌ಸನ್ ಮತ್ತು ಅವನ ಪಾಲುದಾರ ಥಾಮಸ್ ಡ್ರೇನ್‌ಗೆ ದುರಾಸೆ ಹತ್ತಿತು. ಬೆಲೆ ಏರಿಸಿದರು, ಉದ್ರಿ ನಿಲ್ಲಿಸಿದರು, ಕ್ಯಾಪ್ಟನ್‌ಗಳನ್ನು ಬದಿಗೆ ತಳ್ಳಿ ತಾವೇ ಹಡಗಿಗೆ ಸರಕು ಹಾಕತೊಡಗಿದರು. ಬೇರೆಯವರ ಬಿಯರ್ ಬಂದರೆ ತಮ್ಮದನ್ನು ಅಗ್ಗಕ್ಕೆ ಸುರಿದು ಅವರನ್ನು ಓಡಿಸುವುದು, ಆಮೇಲೆ ಮತ್ತೆ ಬೆಲೆ ಏರಿಸುವುದು! ಹಳೇ ಗಿರಾಕಿಯನ್ನು ಹೀಗೆ ನಡೆಸಿಕೊಂಡರೆ ಅವನು ಬೇರೆ ಅಂಗಡಿ ಹುಡುಕದೆ ಇರುತ್ತಾನೆಯೇ?

ಆ ಬೇರೆ ಅಂಗಡಿ ಸಿಕ್ಕಿದ್ದು ಇಂಗ್ಲೆಂಡಿನ ನಡುನಾಡಿನ ಬರ್ಟನ್ ಊರಿನಲ್ಲಿ. ಬರ್ಟನ್ನಿನವರು ಮೊದಲು ಕಂದು ಬಣ್ಣದ, ಸಿಹಿಯಾದ, ಕಡಕ್ ಏಲ್ ಮಾಡಿ ರಷ್ಯಾಕ್ಕೆ ಕಳಿಸುತ್ತಿದ್ದರು. 1822ರಲ್ಲಿ ರಷ್ಯಾದ ಸುಂಕ ಆ ಬಾಗಿಲು ಮುಚ್ಚಿತು. ಅದೇ ಹೊತ್ತಿಗೆ ಕಂಪನಿಯ ನಿರ್ದೇಶಕ ಮಾರ್ಜೋರಿಬ್ಯಾಂಕ್ಸ್ ಬರ್ಟನ್ನಿನ ಸ್ಯಾಮ್ಯುಯೆಲ್ ಆಲ್ಸಪ್‌ನನ್ನು ಊಟಕ್ಕೆ ಕರೆದು, ಹಾಡ್ಜ್‌ಸನ್ ಬಿಯರಿನಂಥದ್ದು ನೀನೂ ಮಾಡು ಎಂದನಂತೆ. ಆಲ್ಸಪ್‌ನ ಬಳಿ ಮಾಲ್ಟ್ ಕೆಲಸಕ್ಕಿದ್ದ ಜಾಬ್ ಗುಡ್‌ಹೆಡ್ ಅದರ ಮೊದಲ ಮಾದರಿಯನ್ನು ಚಹಾದ ಕೆಟಲಿನಲ್ಲಿ ಮಾಡಿದನಂತೆ. ಈ ಕಥೆ ಅಚ್ಚಾದದ್ದು 1853ರಲ್ಲಿ, ಅದೂ ಬರ್ಟನ್ನನ್ನು ಹೊಗಳುವ ಪುಸ್ತಕದಲ್ಲಿ. ಕೆಟಲನ್ನು ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ಆದರೆ ಬಾಸ್, ಆಲ್ಸಪ್ ಇಬ್ಬರೂ ಸೇರಿ ಭಾರತದ ಪೇಟೆಯನ್ನು ಹಾಡ್ಜ್‌ಸನ್ ಕೈಯಿಂದ ಕಿತ್ತುಕೊಂಡದ್ದು ನಿಜ.

ಒಂದೇ ಬಾರ್ಲಿ, ಅದೇ ಕೆಂಟ್ ಸೀಮೆಯ ಹಾಪ್ಸ್. ಮತ್ತೆ ಬರ್ಟನ್ನಿನ ಬಿಯರ್ ಲಂಡನ್ನಿನದಕ್ಕಿಂತ ಮೇಲಾದದ್ದು ಹೇಗೆ? ನೀರು!

ಬೋರ್‌ವೆಲ್ ನೀರಿನಲ್ಲಿ ತೊಗರಿಬೇಳೆ ಬೇಯದೆ ಒದ್ದಾಡಿದ ನಮ್ಮ ಹೆಣ್ಣುಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಲಂಡನ್ನಿನ ಬಾವಿನೀರು ಸುಣ್ಣದ ನೀರು, ಕುದಿಸಿದರೆ ಪಾತ್ರೆಗೆ ಬಿಳಿ ಕರೆ ಕಟ್ಟುವಂಥದ್ದು. ಅದರಲ್ಲಿ ತಿಳಿ ಬಣ್ಣದ ಮಾಲ್ಟ್ ನೆನೆಸಿದರೆ ಬಣ್ಣ ಗಾಢವಾಗುತ್ತದೆ, ಹಾಪ್ಸ್ ಹೆಚ್ಚಾದರೆ ಕಹಿ ಒಗರಾಗುತ್ತದೆ. ಹುರಿದ ಮಾಲ್ಟಿನಲ್ಲಿ ಒಂದಿಷ್ಟು ಹುಳಿ ಇರುವುದರಿಂದ ಅದೇ ನೀರು ಪೋರ್ಟರ್‌ಗೆ ಹೇಳಿ ಮಾಡಿಸಿದ ಹಾಗೆ. ಬರ್ಟನ್ನಿನಲ್ಲಿ ಟ್ರೆಂಟ್ ನದಿ ಹರಿದರೂ ಬ್ರೂವರಿಗಳು ಬಳಸಿದ್ದು ಬಾವಿನೀರನ್ನು. ಅದು ಜಿಪ್ಸಮ್ ಪದರಗಳ ನಡುವೆ ಇಳಿದು ಬಂದ ನೀರು, ಲೀಟರಿಗೆ 600 ಮಿಲಿಗ್ರಾಂಗೂ ಹೆಚ್ಚು ಸಲ್ಫೇಟ್. ಅದರ ಕ್ಯಾಲ್ಸಿಯಂ ಬಿಯರನ್ನು ತಿಳಿಯಾಗಿಸುತ್ತದೆ, ಬಣ್ಣ ಏರದಂತೆ ನೋಡಿಕೊಳ್ಳುತ್ತದೆ. ಸಲ್ಫೇಟ್‌ನಿಂದ ಹಾಪ್ಸಿನ ಕಹಿ ಒಣದಾಗಿ, ಚುರುಕಾಗಿ ನಾಲಿಗೆಗೆ ತಾಗುತ್ತದೆ.

ಸಾಕ್ಷಿ ಬೇಕೇ? ಲಂಡನ್ ಕಡೆಯವರೇ ಬರ್ಟನ್ನಿಗೆ ಗಂಟು ಕಟ್ಟಿಕೊಂಡು ಹೋದರು. ರಾಮ್‌ಫರ್ಡಿನ ಇಂಡ್ ಕೂಪ್ 1856ರಲ್ಲಿ, ಚಾರಿಂಗ್ಟನ್ 1872ರಲ್ಲಿ, ಟ್ರೂಮನ್ 1873ರಲ್ಲಿ ಅಲ್ಲಿ ಬ್ರೂವರಿ ತೆರೆದರು. ಯಾರ್ಕ್‌ಷೈರಿನ ಟ್ಯಾಡ್‌ಕ್ಯಾಸ್ಟರ್ ಎಂಬ ಸಣ್ಣ ಊರೂ ಗಡಸು ಬಾವಿನೀರಿನಿಂದಲೇ ಪೇಲ್ ಏಲ್‌ಗೆ ಹೆಸರಾಯಿತು. ಹುದುಗಿಸುವ ರೀತಿ ಮಾತ್ರ ಬೇರೆ. ಬರ್ಟನ್ನಿನವರದು ಸಾಲು ಪೀಪಾಯಿಗಳನ್ನು ಕೊಳವೆಯಿಂದ ಜೋಡಿಸುವ ‘ಯೂನಿಯನ್’ ಪದ್ಧತಿ, ಯಾರ್ಕ್‌ಷೈರಿನವರದು ಕಲ್ಲಿನ ಚೌಕ ತೊಟ್ಟಿ. 1878ರಲ್ಲಿ ಸಿ. ಡಬ್ಲ್ಯು. ವಿನ್ಸೆಂಟ್ ಎಂಬ ರಸಾಯನಶಾಸ್ತ್ರಜ್ಞ ಗುಟ್ಟು ಜಿಪ್ಸಮ್ಮಿನಲ್ಲಿದೆ ಎಂದು ತೋರಿಸಿದ ಮೇಲೆ, ಯಾವ ಊರಿನ ನೀರಿಗಾದರೂ ಜಿಪ್ಸಮ್ ಬೆರೆಸಿ ‘ಬರ್ಟನ್ ನೀರು’ ಮಾಡುವುದು ಶುರುವಾಯಿತು. ನ್ಯಾಯವಾಗಿ ಆ ಬಿಯರಿಗೆ ಊರಿನ ಹೆಸರು ಬೇಕಿದ್ದರೆ ‘ಬರ್ಟನ್ ಪೇಲ್ ಏಲ್’ ಎನ್ನಬೇಕು. ‘ಇಂಡಿಯಾ’ ಎಂಬುದು ಪಾರ್ಸೆಲ್ಲಿನ ಮೇಲೆ ಬರೆದ ವಿಳಾಸ ಅಷ್ಟೆ!

ಹಾಗಾದರೆ ಇದರಲ್ಲಿ ನಮ್ಮದು ಏನೂ ಇಲ್ಲವೇ? ಇದೆ. ಧ್ವಜ ಹಾಕಿದವರು ದಯವಿಟ್ಟು ಇದನ್ನು ಓದಬೇಕು.

ನಮ್ಮ ನಾಗಪುರದ ಪಕ್ಕದ ಕಾಮಠಿ ಕಂಟೋನ್ಮೆಂಟ್ ಸ್ಥಾಪನೆಯಾದದ್ದು 1821ರಲ್ಲಿ, ಹಾಡ್ಜ್‌ಸನ್ ಉದ್ರಿ ನಿಲ್ಲಿಸಿದ ಹೊತ್ತಿಗೇ. ಅಲ್ಲಿನ ಸೈನ್ಯದ ಖರ್ಚಿಗಾಗಿ ನಾಗಪುರದ ಭೋಸಲೆಯವರು 1816ರ ಒಪ್ಪಂದದಂತೆ ಕಂಪನಿಗೆ ಹಣ ಕಟ್ಟಬೇಕಿತ್ತು. ಬೆಂಗಳೂರಿನ ಕಂಟೋನ್ಮೆಂಟ್ 1809ರದು. ಮೈಸೂರು ಸಂಸ್ಥಾನ 1799ರ ಒಪ್ಪಂದದಂತೆ ಕಂಪನಿಗೆ ವರ್ಷಕ್ಕೆ 7 ಲಕ್ಷ ಪಗೋಡ ಕೊಡಬೇಕಾಗಿತ್ತು. ಆ ಹಣ ಬಂದದ್ದು ಎಲ್ಲಿಂದ? ಹತ್ತಿ ಬೆಳೆದ, ರಾಗಿ ಬೆಳೆದ ರೈತ ಕಟ್ಟಿದ ಕಂದಾಯದಿಂದ. ಕಾಮಠಿಯ ಅಧಿಕಾರಿಯ ಮೇಜಿನ ಮೇಲೆ ಬಾಸ್ ಬಾಟಲಿ ಇತ್ತೆಂದರೆ ಅದರ ಬಿಲ್ಲು ಕೊನೆಗೆ ಬಂದು ನಿಂತದ್ದು ಅವನ ಹೊಲದ ಬದುವಿನಲ್ಲಿ. ಲಂಡನ್ನಿನವರು ಉದ್ರಿ ಕೊಟ್ಟರು, ಬರ್ಟನ್ನಿನವರು ನೀರು ಕೊಟ್ಟರು, ಕುಡಿದವರು ಸಾಹೇಬರು, ತೀರಿಸಿದವರು ನಾವು.

ಇದನ್ನು ಮೆನು ಕಾರ್ಡಿನಲ್ಲಿ ಬರೆದರೆ ಬಿಯರ್ ಖರ್ಚಾಗುವುದಿಲ್ಲ, ಗೊತ್ತು. ಕುಡಿಯುವವರು ಖುಷಿಯಾಗಿ ಕುಡಿಯಲಿ, ನನ್ನದೇನೂ ತಕರಾರಿಲ್ಲ. ಆದರೆ ನಮ್ಮ ತಾತ ಮುತ್ತಾತಂದಿರು ಕಟ್ಟಿದ ಸಾಲದ ಚೀಟಿಯನ್ನು ಪ್ರಶಸ್ತಿ ಪತ್ರ ಅಂತ ಫ್ರೇಮು ಹಾಕಿಸಿ ಗೋಡೆಗೆ ತೂಗು ಹಾಕುವುದು ಬೇಡ. ಅಳಿಯನಿಗೂ ಫೋನು ಮಾಡಿ ಇಷ್ಟನ್ನೇ ಹೇಳಿದೆ. “ಅಲ್ರೀ ಮಾಮಾ, ಒಂದು ಬಿಯರಿಗೆ ಇಷ್ಟ್ಯಾಕ ಸಿಟ್ಟು?” ಅಂದ.

ನೀವೇ ಹೇಳಿ, ಸಿಟ್ಟು ಬಿಯರಿನ ಮೇಲೆಯೇ?