ಮಲ್ಲಿಗೆ ಗಿಡ ಸವರಲು ಹಿಂಜರಿಕೆ ಏಕೆ?



ಮಲ್ಲಿಗೆ ಗಿಡಕ್ಕೆ ಕತ್ತರಿ ಹಾಕಿ ಎಂದರೆ ನಮ್ಮ ಅನೇಕ ಬೆಳೆಗಾರರಿಗೆ ಮನಸ್ಸೇ ಬರುವುದಿಲ್ಲ. ನೀರೆರೆದು ಬೆಳೆಸಿದ ಗಿಡವನ್ನು ಕೈಯಾರೆ ಬೋಳು ಮಾಡುವುದು ಹೇಗೆಂದು ಮರುಗುತ್ತಾರೆ. ಈ ಮರುಕದಿಂದ ನಷ್ಟವೇ ಹೆಚ್ಚೆಂಬುದು ನನ್ನ ಅಭಿಪ್ರಾಯ.

ದುಂಡು ಮಲ್ಲಿಗೆ ಮೊಗ್ಗು ಬಿಡುವುದು ಹೊಸ ಚಿಗುರಿನಲ್ಲಿ. ಸವರದ ಗಿಡ ಪೊದೆಯಾಗಿ ಬೆಳೆದು ನೋಡಲು ಹುಲುಸಾಗಿರುತ್ತದೆ. ಹೂ ಮಾತ್ರ ಕಡಿಮೆ. ಒಳಗೆ ಗಾಳಿ, ಬೆಳಕು ಆಡುವುದಿಲ್ಲ. ಮೊಗ್ಗು ಕೊರೆಯುವ ಹುಳುವಿಗೆ ಸಿಂಪಡಿಸಿದ ಔಷಧಿಯೂ ಒಳಕ್ಕೆ ತಲುಪುವುದಿಲ್ಲ.

ಬಯಲುಸೀಮೆಯಲ್ಲಿ ನವೆಂಬರ್ ಕೊನೆಯ ವಾರ ಸವರಲು ಸೂಕ್ತ ಕಾಲ. ಅದಕ್ಕೆ ಮೊದಲು ಕೆಲವು ದಿನ ನೀರು ನಿಲ್ಲಿಸಿ. ಹರಿತವಾದ ಕತ್ತರಿಯಿಂದ ನೆಲದಿಂದ 50 ಸೆಂ.ಮೀ. ಎತ್ತರಕ್ಕೆ, ಅಂದರೆ ಸುಮಾರು ಮೊಣಕಾಲೆತ್ತರಕ್ಕೆ ಸವರಿ. ಒಣಗಿದ, ರೋಗ ತಗುಲಿದ ಕಡ್ಡಿಗಳನ್ನು ಬುಡಕ್ಕೇ ತೆಗೆದುಹಾಕಿ. ದಪ್ಪ ಕೊಂಬೆಗಳ ಗಾಯಕ್ಕೆ ಬೋರ್ಡೋ ಮುಲಾಮು ಹಚ್ಚಿ. ಬಳಿಕ ಪಾತಿ ಕೆದಕಿ, ಬೆಳೆದ ಗಿಡವೊಂದಕ್ಕೆ 10 ಕಿ.ಗ್ರಾಂ ಕೊಟ್ಟಿಗೆ ಗೊಬ್ಬರ ಕೊಟ್ಟು ನೀರು ಹಾಯಿಸಿ. ವರ್ಷಕ್ಕೆ ಗಿಡವೊಂದಕ್ಕೆ ಬೇಕಾದ 60 ಗ್ರಾಂ ಸಾರಜನಕ, 120 ಗ್ರಾಂ ರಂಜಕ, 120 ಗ್ರಾಂ ಪೊಟ್ಯಾಷ್‌ನಲ್ಲಿ ಅರ್ಧವನ್ನು ಈಗ, ಉಳಿದರ್ಧವನ್ನು ಜೂನ್-ಜುಲೈನಲ್ಲಿ ಕೊಡಿ.

ಇನ್ನೊಂದು ಮಾತು. ಇಡೀ ತೋಟವನ್ನು ಒಂದೇ ದಿನ ಸವರಬೇಡಿ. ಹಾಗೆ ಮಾಡಿದರೆ ಹೂವೆಲ್ಲ ಒಟ್ಟಿಗೆ ಬರುತ್ತದೆ. ಬಿಡಿಸಲು ಆಳು ಸಿಗುವುದಿಲ್ಲ. ಉಡುಪಿ ಕಡೆ ಮಲ್ಲಿಗೆಯನ್ನು ಅಟ್ಟೆಯ ಲೆಕ್ಕದಲ್ಲಿ ಮಾರುತ್ತಾರೆ. ಅಟ್ಟೆಗೆ 4 ಚೆಂಡು, ಚೆಂಡಿಗೆ 800 ಹೂ. ಒಂದು ಅಟ್ಟೆಗೆ 3,200 ಮೊಗ್ಗನ್ನು ಬೆರಳಿನಿಂದಲೇ ಬಿಡಿಸಬೇಕು! ಅದೂ ಬಿಸಿಲೇರುವ ಮೊದಲೇ ಮುಗಿಯಬೇಕು. ಅರಳಿದ ಹೂವಿಗೆ ಬೆಲೆಯಿಲ್ಲ. ಆದ್ದರಿಂದ ತೋಟವನ್ನು ಮೂರು ಭಾಗ ಮಾಡಿ, ಹತ್ತು ಹದಿನೈದು ದಿನ ಬಿಟ್ಟು ಒಂದೊಂದನ್ನೇ ಸವರಿ. ಮನೆಯ ಹೆಂಗಸರ ಮೇಲೆ ಬೀಳುವ ಹೊರೆ ಹಗುರಾಗುತ್ತದೆ. ಬೆಲೆ ಬಿದ್ದ ದಿನವೇ ಎಲ್ಲ ಹೂವನ್ನೂ ಮಾರಬೇಕಾದ ಪಾಡೂ ತಪ್ಪೀತು.

ನಂಬಿಕೆ ಬಾರದಿದ್ದರೆ ಈ ವರ್ಷ ಒಂದೇ ಸಾಲು ಸವರಿ, ಪಕ್ಕದ ಸಾಲನ್ನು ಹಾಗೆಯೇ ಬಿಡಿ. ಗೊಬ್ಬರ, ನೀರು ಎರಡಕ್ಕೂ ಒಂದೇ ಸಮನಾಗಿರಲಿ. ಬೇಸಿಗೆಯಲ್ಲಿ ಎರಡೂ ಸಾಲಿನ ಹೂವನ್ನು ಬೇರೆ ಬೇರೆ ತೂಗಿ ಬರೆದಿಡಿ. ನಮ್ಮ ಮಾತಿಗಿಂತ ನಿಮ್ಮ ತಕ್ಕಡಿಯ ಮಾತೇ ದೊಡ್ಡದು.