ತಿದ್ದಿದ ಚಿತ್ರಕ್ಕೆ ತೆತ್ತ ಬೆಲೆ

ಬಿಬವೇವಾಡಿಯ ನಮ್ಮ ಮನೆಯಿಂದ ಹಡಪ್ಸರ್ ದೂರವೇನಲ್ಲ. ಶಿವಾಜಿ ಮಹಾರಾಜರು, ಬಾಳ್ ಠಾಕ್ರೆ ಅವರ ತಿರುಚಿದ ಚಿತ್ರಗಳು ಫೇಸ್‌ಬುಕ್‌ನಲ್ಲಿ ಹರಿದಾಡಿ, 2014ರ ಜೂನ್ 2ರ ರಾತ್ರಿ ಅಲ್ಲಿ ಸೊಲ್ಲಾಪುರ ಮೂಲದ ಐಟಿ ಉದ್ಯೋಗಿಯೊಬ್ಬರನ್ನು ಗುಂಪೊಂದು ಹೊಡೆದು ಕೊಂದಿತು. ಆ ಚಿತ್ರಗಳಿಗೂ ಅವರಿಗೂ ಸಂಬಂಧವೇ ಇರಲಿಲ್ಲ.

ಇಂಥ ಹೊತ್ತಿನಲ್ಲಿ ಜನ ನಂಬಬೇಕಾದದ್ದು ಸುದ್ದಿಚಿತ್ರವನ್ನು. ಅಲ್ಲೇ ಕೈಚಳಕ ನಡೆದರೆ? 2015ರ ಡಿಸೆಂಬರ್‌ನಲ್ಲಿ ಪ್ರಧಾನಿ ಚೆನ್ನೈ ನೆರೆ ವೀಕ್ಷಿಸುವ ಫೋಟೊದ ಕಿಟಕಿಗೆ ಸರ್ಕಾರದ ಪಿಐಬಿಯೇ ಬೇರೆ ದೃಶ್ಯ ಅಂಟಿಸಿತ್ತು. ಗೇಲಿಯಾದ ಮೇಲೆ ಅಳಿಸಿತು.

ಕೋಡ್‌ನಲ್ಲಿ ಒಂದು ಸಾಲು ತಿದ್ದಿದರೂ ನಾವು ದಾಖಲೆ ಇಡುತ್ತೇವೆ. ಸುದ್ದಿಮನೆಗಳೂ ಬೆಳಕು ಸರಿಪಡಿಸಲಿ. ಇಲ್ಲದ್ದನ್ನು ಸೇರಿಸುವುದು, ಇದ್ದದ್ದನ್ನು ತೆಗೆಯುವುದು ಬೇಡ. ತಪ್ಪಾದರೆ ಸದ್ದಿಲ್ಲದೆ ಅಳಿಸದೆ, ಓದುಗರಿಗೆ ಹೇಳಲಿ. ನಾವೂ ಊರಿನ ವಾಟ್ಸ್‌ಆ್ಯಪ್ ಗುಂಪಿಗೆ ಚಿತ್ರ ಕಳಿಸುವ ಮುನ್ನ ಹಡಪ್ಸರ್ ನೆನೆಯೋಣ.