ಬಸಿದ ಕಟ್ಟು ಅರಿಯದವರು ಪಥ್ಯ ಹೇಳಬಲ್ಲರೇ?



ಕಿಡ್ನಿ ಕೆಟ್ಟವರಿಗೆ ದೊಡ್ಡಾಸ್ಪತ್ರೆಗಳಲ್ಲಿ ಹೇಳುವ ಪಥ್ಯ ಒಂದಿದೆ: ಸೊಪ್ಪು ತರಕಾರಿಯನ್ನು ಹೆಚ್ಚು ನೀರಿನಲ್ಲಿ ಬೇಯಿಸಿ, ನೀರು ಬಸಿದು ತಿನ್ನಿ. ಮಾತು ಸರಿಯೇ. ಬೇಯುವಾಗ ಪೊಟ್ಯಾಸಿಯಂ ಎಂಬ ಲವಣದ ಒಂದು ಪಾಲು ನೀರಿಗೆ ಇಳಿಯುತ್ತದೆ. ಕೆಟ್ಟ ಕಿಡ್ನಿ ಅದನ್ನು ಹೊರಹಾಕಲಾರದು. ರಕ್ತದಲ್ಲಿ ಅದು ಮಿತಿಮೀರಿದರೆ ಗುಂಡಿಗೆಯೇ ನಿಂತುಹೋದೀತು.

ಆದರೆ ಕೊಳ್ಳೇಗಾಲ, ಹನೂರು, ಯಳಂದೂರಿನ ಯಾವ ಅಡುಗೆಮನೆಯಲ್ಲಿ ಬಸಿದ ನೀರನ್ನು ಚೆಲ್ಲುತ್ತಾರೆ? ಅದೇ ಅಲ್ಲವೇ ನಮ್ಮ ಉಪ್ಸಾರು! ಕಾಳು, ಸೊಪ್ಪು ಬೇಯಿಸಿ ಬಸಿದ ಕಟ್ಟಿಗೆ ಉಪ್ಪು ಹಾಕಿ, ಖಾರ ಅರೆದು, ಮುದ್ದೆ ಮುರಿದು ಅದ್ದಿ ನುಂಗುವ ಜನ ನಾವು. ಬಸಿದು ತಿನ್ನಿ ಎಂಬ ಮಾತನ್ನು ಚಾಚೂ ತಪ್ಪದೆ ಪಾಲಿಸಿದ ರೋಗಿ, ಬಿಡಬೇಕಾದದ್ದನ್ನೇ ಬಟ್ಟಲು ತುಂಬ ಕುಡಿದಿರುತ್ತಾನೆ. ‘ಪಲ್ಯ ತಿನ್ನಿ ಅಣ್ಣ, ಕಟ್ಟು ಮುಟ್ಟಬೇಡಿ’ ಎನ್ನುವ ಒಬ್ಬರು ಪಕ್ಕದಲ್ಲಿದ್ದರೆ ಸಾಕಿತ್ತು. ಇಂಗ್ಲಿಷ್ ಚೀಟಿಯನ್ನು ಕನ್ನಡಕ್ಕೆ ತಿರುಗಿಸಿದ ಮಾತ್ರಕ್ಕೆ ಈ ಮಾತು ಹುಟ್ಟುವುದಿಲ್ಲ. ಈ ನೆಲದ ಒಲೆಯ ಮುಂದೆ ಕೂತವರಿಗೇ ಅದು ಹೊಳೆಯುವುದು.

ಸಕ್ಕರೆ ಕಾಯಿಲೆಯವರ ಪಾಡೂ ಹೀಗೆಯೇ. ಅನ್ನ ಬಿಟ್ಟು ರಾಗಿ ತಿಂದರೆ ಸಾಕು ಎಂಬ ನಂಬಿಕೆಯಲ್ಲಿ ಎರಡು ದೊಡ್ಡ ಮುದ್ದೆ ಇಳಿಸುತ್ತಾರೆ. ರಾಗಿಯಲ್ಲಿ ಸುಣ್ಣದಂಶ ಧಾರಾಳ, ನಾರೂ ಉಂಟು, ನಿಜ. ಆದರೂ ಅದು ಪಿಷ್ಟವೇ, ಮುದ್ದೆಯ ಗಾತ್ರಕ್ಕೆ ತಕ್ಕಂತೆ ಸಕ್ಕರೆ ಏರುತ್ತದೆ. ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲಿ ಕುಡುಗೋಲು ಕಣ ರೋಗವಿದೆ. ಆ ರಕ್ತಹೀನತೆಗೂ ಕಬ್ಬಿಣದ ಕೊರತೆಯ ರಕ್ತಹೀನತೆಗೂ ಒಂದೇ ಪಥ್ಯವಲ್ಲ. ಅದನ್ನು ಪೋಡಿನಲ್ಲಿ ಕೂತು ಬಿಡಿಸಿ ಹೇಳುವವರು ಬೇಡವೇ?

ಅಮೆರಿಕದಲ್ಲಿ ಇಂಥ ಕೆಲಸಕ್ಕೆಂದೇ ಪಥ್ಯ ತಂತ್ರಜ್ಞರಿದ್ದಾರೆ. ಊರಿನ ಸಮುದಾಯ ಕಾಲೇಜಿನಲ್ಲಿ ಎರಡು ವರ್ಷ ಓದಿ, ಆಸ್ಪತ್ರೆಯಲ್ಲಿ ತರಬೇತಿ ಪಡೆದು, ಪಥ್ಯತಜ್ಞರ ಕೈಕೆಳಗೆ ದುಡಿಯುತ್ತಾರೆ. ರೋಗಿ ಏನು ಉಣ್ಣುತ್ತಾನೆಂದು ಕೇಳಿ ಬರೆದುಕೊಳ್ಳುವುದು, ತೂಕ ನೋಡುವುದು, ಆಸ್ಪತ್ರೆಯ ಅಡುಗೆಮನೆ ಕಾಯುವುದು ಅವರ ಪಾಲು. ಇದು ಅರೆವೈದ್ಯರನ್ನು ಸೃಷ್ಟಿಸುವ ದಾರಿ ಎಂದು ಕೆಲವರು ಮೂಗು ಮುರಿದಾರು. ಮುರಿಯಲಿ. ಔಷಧಿ ಬರೆಯಲು ಯಾರೂ ಕೇಳುತ್ತಿಲ್ಲ.

ನಮ್ಮಲ್ಲೋ? ಈ ವಿದ್ಯೆ ಬೇಕೆಂದರೆ ನಗರಕ್ಕೆ ಹೋಗಿ ಪದವಿ ಮಾಡಬೇಕು, ಪುಸ್ತಕವೋ ಇಂಗ್ಲಿಷಿನದೇ. ಹನೂರಿನ ಕಾಡಂಚಿನ ಹಳ್ಳಿಯಿಂದ ಕನ್ನಡದಲ್ಲಿ ಪಿಯುಸಿ ಮುಗಿಸಿದ ಹೆಣ್ಣುಮಗಳು ಬಾಗಿಲಲ್ಲೇ ನಿಲ್ಲುತ್ತಾಳೆ. ೧೯೫೬ರವರೆಗೆ ಕೊಳ್ಳೇಗಾಲದವರು ಜಿಲ್ಲಾ ಕಚೇರಿಗೆಂದು ಕೊಯಮತ್ತೂರಿನ ದಾರಿ ಹಿಡಿಯಬೇಕಿತ್ತು. ರಾಜ್ಯ ಒಂದಾದ ಮೇಲೂ ಆ ಅಲೆದಾಟ ಬೇರೆ ವೇಷದಲ್ಲಿ ಮುಂದುವರಿದರೆ ಏಕೀಕರಣ ಯಾರಿಗಾಗಿ?

ಬೇಕಾದದ್ದೆಲ್ಲ ಹತ್ತಿರದಲ್ಲೇ ಇದೆ. ಆಹಾರ ತಂತ್ರಜ್ಞಾನದ ಕೇಂದ್ರೀಯ ಸಂಶೋಧನಾಲಯ ೧೯೫೦ರಿಂದ ಮೈಸೂರಿನಲ್ಲಿದೆ. ಮಾನಸಗಂಗೋತ್ರಿಯಲ್ಲಿ ಆಹಾರ ವಿಜ್ಞಾನ ವಿಭಾಗವಿದೆ. ಚಾಮರಾಜನಗರದಲ್ಲಿ ೨೦೧೬ರಿಂದ ಸರ್ಕಾರಿ ವೈದ್ಯಕೀಯ ಕಾಲೇಜಿದೆ. ಪೂರಕ ಆರೋಗ್ಯ ವೃತ್ತಿಗಳ ೨೦೨೧ರ ಕೇಂದ್ರ ಕಾಯ್ದೆಯ ಪಟ್ಟಿಯಲ್ಲಿ ಪಥ್ಯತಜ್ಞರ ಹೆಸರಿದೆ; ಎರಡು ವರ್ಷಕ್ಕೆ ಕಡಿಮೆಯಿಲ್ಲದ, ೨೦೦೦ ಗಂಟೆಯ ಡಿಪ್ಲೊಮಾ ಓದಿದ ತಂತ್ರಜ್ಞರನ್ನೂ ಆ ಕಾಯ್ದೆ ಒಪ್ಪುತ್ತದೆ. ಇನ್ನೇನು ಅಡ್ಡಿ ಸ್ವಾಮಿ?

ಕೊಳ್ಳೇಗಾಲದ ಶ್ರೀ ಮಹದೇಶ್ವರ ಸರ್ಕಾರಿ ಕಾಲೇಜಿನಲ್ಲೇ ಪಥ್ಯ ತಂತ್ರಜ್ಞರ ಎರಡು ವರ್ಷದ ಡಿಪ್ಲೊಮಾ ತೆರೆಯಲಿ. ಪಾಠ, ಪುಸ್ತಕ ಕನ್ನಡದಲ್ಲಿರಲಿ. ಪೊಟ್ಯಾಸಿಯಂ, ಇನ್ಸುಲಿನ್ ಎಂಬ ಪದಗಳು ಹಾಗೆಯೇ ಇರಲಿ, ಅವಕ್ಕೆ ಸಂಸ್ಕೃತದ ಮುಖವಾಡ ತೊಡಿಸುವುದು ಬೇಡ. ಮುದ್ದೆ, ಹುರುಳಿ, ಅಣ್ಣೆಸೊಪ್ಪು ತಕ್ಕಡಿಗೆ ಬರಲಿ. ಕೊನೆಯ ಪರೀಕ್ಷೆಯನ್ನು ತಾಲ್ಲೂಕು ಆಸ್ಪತ್ರೆಯ ಹಾಸಿಗೆಯ ಪಕ್ಕದಲ್ಲೇ ನಡೆಸಿ: ವಿದ್ಯಾರ್ಥಿ ಹೇಳಿದ ಪಥ್ಯವನ್ನು ರೋಗಿಯ ಮನೆಯವರು ತಿರುಗಿ ಹೇಳಬೇಕು, ಅಂಕ ಅದಕ್ಕೆ.